ಬೇಸಿಗೆ ರಜೆ ಮಕ್ಕಳಿಗೆ ಮಾತ್ರವಾ? ನನಗೆ ಓದೋಕೆ ಏನಾದರೂ ಹೇಳಿ, ಮನೆ ತಂಪಾಗೋಕೂ

ತುಂಗಾದಂಡೆ (ಶಿವಮೊಗ್ಗ):
ಎಲ್ಲರಿಗೂ ನಮಸ್ಕಾರ. ಪರೀಕ್ಷೆ ಮುಗಿದು ಮಕ್ಕಳಿಗೆ ರಜೆ ಶುರುವಾಯಿತು. ನನ್ನ ಆಫೀಸಿಗೆ ರಜೆ ಇಲ್ಲ. ದೊಡ್ಡವಳು ಆರನೇ ಕ್ಲಾಸ್, ಚಿಕ್ಕವನು ಎರಡನೇ ಕ್ಲಾಸ್. ಮನೆಯವರು ಕೆಲಸದ ಮೇಲೆ ವಾರದ ಅರ್ಧ ಭಾಗ ಊರಲ್ಲಿ ಇರುವುದಿಲ್ಲ. ನಮ್ಮದು ವಿನೋಬನಗರದಲ್ಲಿ ಆರ್‌ಸಿಸಿ ಮನೆ, ಮೇಲಿನ ಮಹಡಿ. ಮಧ್ಯಾಹ್ನ ಮೂರರ ಮೇಲೆ ಗೋಡೆ ಮುಟ್ಟಿದರೆ ಕೈ ಸುಡುತ್ತದೆ.

ಕೇಳಬೇಕಾಗಿರುವುದು ಎರಡು. ಮದುವೆಗೆ ಮುಂಚೆ ರಾತ್ರಿಯಿಡೀ ಕಾದಂಬರಿ ಓದುತ್ತಿದ್ದವಳು ನಾನು. ಈಗ ದಿನಸಿ ಚೀಟಿ, ಶಾಲೆಯ ವಾಟ್ಸಾಪ್ ಬಿಟ್ಟರೆ ಓದು ಅನ್ನುವುದೇ ಇಲ್ಲ. ಈ ಬೇಸಿಗೆಯಲ್ಲಿ ಏನು ಓದಲಿ? ನನಗೋಸ್ಕರ ಕೇಳುತ್ತಿದ್ದೇನೆ, ಮಕ್ಕಳಿಗೆ ಅಲ್ಲ. ಇನ್ನೊಂದು, ಜಾಸ್ತಿ ಖರ್ಚಿಲ್ಲದೆ, ಜಾಸ್ತಿ ಕೆಲಸವೂ ಇಲ್ಲದೆ ಮನೆಯಲ್ಲಿ ಸ್ವಲ್ಪ ಹಾಯಾಗಿ ಇರುವುದಕ್ಕೆ ನೀವೆಲ್ಲ ಏನು ಮಾಡುತ್ತೀರಿ? ಎಸಿ ಹಾಕಿಸಿ ಅನ್ನಬೇಡಿ. ಬಾಡಿಗೆ ಮನೆ. ಓನರ್ ಗೋಡೆಗೆ ಒಂದು ಮೊಳೆ ಹೊಡೆಯಲೂ ಬಿಡುವುದಿಲ್ಲ.

ಬಿಸಿಲುಕುದುರೆ:
ಎಸಿ ಹಾಕಿಸಿ.

ತುಂಗಾದಂಡೆ:
ಪೂರ್ತಿ ಓದಿ ಮಾರಾಯ್ರೆ.

ಅಡಿಕೆಗೊನೆ (ತೀರ್ಥಹಳ್ಳಿ):
ಮಕ್ಕಳನ್ನು ಅಜ್ಜಿ ಮನೆಗೆ ಕಳಿಸಿ, ಎರಡೂ ತಾಪತ್ರಯ ಮುಗಿಯಿತು. ನಾವೆಲ್ಲ ಹಾಗೇ ಬೆಳೆದವರು. ಬೇಸಿಗೆ ಅಂದರೆ ಅಂಗಳದ ತುಂಬ ಹಲಸಿನ ಹಪ್ಪಳ, ಕಾಗೆ ಓಡಿಸುವ ಡ್ಯೂಟಿ, ನಡುನಡುವೆ ಹಪ್ಪಳದ ಹಿಟ್ಟು ಕದ್ದು ತಿನ್ನುವುದು. ಮಧ್ಯಾಹ್ನ ಊಟಕ್ಕೆ ಅಪ್ಪೆಹುಳಿ, ಆಮೇಲೆ ಜಗಲಿಯಲ್ಲಿ ಚಾಪೆ. ಯಾವ ಎಸಿ ಬೇಕು? ಈ ಸುಖ ಪೇಟೆಯವರಿಗೆ ಎಲ್ಲಿಂದ ಬರಬೇಕು.

ಸಾಗರದ ಸೊಸೆ:
ಅಡಿಕೆಗೊನೆ ಅಣ್ಣಾ, ಆ ಹಪ್ಪಳ ಒತ್ತಿದ್ದು ಯಾರು?

ನಮ್ಮ ಮನೆಯದು ಹೇಳುತ್ತೇನೆ ಕೇಳಿ. ಮರ ಹತ್ತಿ ಬೆಳೆದ ಹಲಸಿನಕಾಯಿ ಕೊಯ್ದು ಕೊಡುವುದು ಗಂಡಸರು. ಅಲ್ಲಿಗೆ ಅವರ ಕೆಲಸ ಮುಗಿಯಿತು. ಕೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕಾಯಿ ಹೆಚ್ಚಬೇಕು, ಮೇಣ ಒರೆಸಬೇಕು, ಸೊಳೆ ಬಿಡಿಸಬೇಕು, ಬೇಯಿಸಬೇಕು. ಬಿಸಿ ಆರುವ ಮುಂಚೆ ಕುಟ್ಟಬೇಕು. ಉಪ್ಪು, ಮೆಣಸು, ಕೊತ್ತಂಬರಿ ಸೇರಿಸಿ ಉಂಡೆ ಕಟ್ಟಿ, ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಿಂದ ಒತ್ತಬೇಕು. ಆ ಹಾಳೆಯಿಂದ ಹರಿಯದ ಹಾಗೆ ಬಿಡಿಸಿ ಚಾಪೆ ಮೇಲೆ ಹಾಕುವುದೇ ಒಂದು ವಿದ್ಯೆ. ಬೆಳಿಗ್ಗೆ ಕೂತವರ ಬೆನ್ನು ನೆಟ್ಟಗಾಗುವುದು ಊಟಕ್ಕೆ ಎಲೆ ಹಾಕುವಾಗ. ಸಂಜೆ ಮೋಡ ಕಂಡರೆ ಎಲ್ಲ ಬಿಟ್ಟು ಅಂಗಳಕ್ಕೆ ಓಡಬೇಕು. ಇದನ್ನು ಸುಖ ಅನ್ನುವವರು ಹಪ್ಪಳ ತಿಂದವರು. ಒತ್ತಿದವರು ಯಾರೂ ಅನ್ನುವುದಿಲ್ಲ.

ಅಜ್ಜಿ ಮನೆ, ಅಜ್ಜಿ ಮನೆ ಅಂತೀರಿ. ಅಜ್ಜಿಗೆ ಮಂಡಿ ನೋವು ಇರುವುದಿಲ್ಲವಾ?

ನಿದ್ದೆಗೆಟ್ಟವಳು (ಭದ್ರಾವತಿ):
ಇದಕ್ಕೆ ನನ್ನ ಕಡೆಯಿಂದ ಚಪ್ಪಾಳೆ.

ಅಡಿಕೆಗೊನೆ:
ಅಕ್ಕಾ, ನಾನೂ ಕುಟ್ಟಿದ್ದೇನೆ. ನಮ್ಮ ಮನೆಯಲ್ಲಿ ಒನಕೆ ಹಿಡಿಯುವುದು ಗಂಡಸರೇ.

ಸಾಗರದ ಸೊಸೆ:
ಎಷ್ಟು ಹೊತ್ತು?

ಅಡಿಕೆಗೊನೆ:
ಅದು ಬಿಡಿ.

ಕೊಪ್ಪದ ಮೇಷ್ಟ್ರು:
ಪುಸ್ತಕ ಕೇಳಿದ್ದಾರೆ, ನೀವು ಹಪ್ಪಳದಲ್ಲೇ ಇದ್ದೀರಿ. ಮೇಡಂ, ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಹಿಡಿಯಿರಿ. 1967ರ ಕಾದಂಬರಿ. ನೀವು ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಕಾಣುವ ಕಾಡು, ಹೊಳೆ ಎಲ್ಲ ಅದರಲ್ಲಿವೆ. ಗುತ್ತಿ ಮತ್ತು 'ಹುಲಿಯ' ಅನ್ನುವ ಅವನ ನಾಯಿ ಕಾಡುದಾರಿಯಲ್ಲಿ ಹೊರಟರೆ ನೀವೂ ಹಿಂದೆಯೇ ಹೊರಡುತ್ತೀರಿ. ಏಪ್ರಿಲ್ ಬಿಸಿಲಲ್ಲಿ ಕೂತು ಮಲೆನಾಡಿನ ಮಳೆಯನ್ನು ಓದುವುದಕ್ಕಿಂತ ತಂಪು ಬೇರೆ ಏನಿದೆ?

ನಿದ್ದೆಗೆಟ್ಟವಳು:
ಮೇಷ್ಟ್ರೇ, ಅವರು ಎರಡು ಮಕ್ಕಳ ತಾಯಿ. ಅಷ್ಟು ದಪ್ಪದ ಪುಸ್ತಕ ಎತ್ತಿಕೊಂಡರೆ ಕೈ ನೋವು, ಬಿಟ್ಟರೆ ಕತೆ ಮರೆವು. ನಾನೂ ಒಮ್ಮೆ ಶುರು ಮಾಡಿದ್ದೆ. ನಡುವೆ ಮಗುವಿಗೆ ಜ್ವರ ಬಂತು. ವಾಪಸ್ ಬಂದು ತೆಗೆದರೆ ಯಾರು ಯಾವ ಮನೆಯವರು ಅನ್ನುವುದೇ ಗೊತ್ತಾಗಲಿಲ್ಲ.

ನನ್ನ ಓಟು ತೇಜಸ್ವಿಯವರ 'ಪರಿಸರದ ಕತೆ'ಗೆ. ಬಿಡಿ ಬಿಡಿ ಅಧ್ಯಾಯಗಳು. ಅನ್ನ ಆಗುವಷ್ಟರಲ್ಲಿ ಒಂದು ಓದಬಹುದು. ಕಿವಿ ಅನ್ನುವ ನಾಯಿ, ಮಾರ, ಪ್ಯಾರ, ಇವರ ಫಜೀತಿ ಓದುತ್ತಾ ನಗು ಬಂದು ಚಿಕ್ಕವನು ಏನಮ್ಮಾ ಅಂತ ಪಕ್ಕಕ್ಕೆ ಬಂದು ಕೂರುತ್ತಾನೆ. ಎಲ್ಲಿ ಬಿಟ್ಟರೂ ನಷ್ಟವಿಲ್ಲ.

ಕೊಪ್ಪದ ಮೇಷ್ಟ್ರು:
ತೇಜಸ್ವಿ ಬೇಡ ಅಂದವರು ಯಾರು? ಆದರೆ ದೊಡ್ಡ ಕಾದಂಬರಿಯಲ್ಲಿ ದಾರಿ ತಪ್ಪುವುದೂ ಒಂದು ಸುಖ. ಎಲ್ಲವನ್ನೂ ಕುಕ್ಕರಿನ ಸೀಟಿ ಲೆಕ್ಕದಲ್ಲಿ ನೋಡಬೇಡಿ.

ಸಾಗರದ ಸೊಸೆ:
ಹಾಗನ್ನುವವರ ಮನೆಯಲ್ಲಿ ಕುಕ್ಕರ್ ಇಳಿಸುವವರು ಬೇರೆ ಯಾರೋ ಇರುತ್ತಾರೆ ಮೇಷ್ಟ್ರೇ.

ಕೊಪ್ಪದ ಮೇಷ್ಟ್ರು:
ರಿಟೈರ್ ಆದ ಮೇಲೆ ನಾನೇ ಇಳಿಸುವುದು. ಆ ಹೊತ್ತಿಗೆ ನಮ್ಮ ಮನೆಯವರ ಧಾರಾವಾಹಿ ಇರುತ್ತದೆ.

ಹೊಸನಗರ ಹುಡುಗ:
ಹುಲಿಯನಿಗೆ ಕೊನೆಯಲ್ಲಿ ಏನಾಗುತ್ತದೆ ಅಂತ ಯಾರೂ ಇಲ್ಲಿ ಬರೆಯಬೇಡಿ. ನಾನಿನ್ನೂ ಅರ್ಧದಲ್ಲಿದ್ದೇನೆ.

ಬಿಸಿಲುಕುದುರೆ:
ಹೊಳೆ ದಾಟುವ ಭಾಗ ಬಂದಾಗ ಪಕ್ಕದಲ್ಲಿ ಟವೆಲ್ ಇರಲಿ.

ಹೊಸನಗರ ಹುಡುಗ:
ಬರೆಯಬೇಡಿ ಅಂದೆನಲ್ರೀ!

ಹಂಚಿನಮನೆ (ಶಿವಮೊಗ್ಗ):
ಮನೆ ತಂಪಿನ ಬಗ್ಗೆ ಇನ್ನೂ ಯಾರೂ ಬಾಯಿ ಬಿಟ್ಟಿಲ್ಲ. ನಾನು ಕಟ್ಟಡ ಕೆಲಸದವನು, ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮೇಲಿನ ಮಹಡಿಗೆ ಬಿಸಿ ಇಳಿಯುವುದು ತಾರಸಿಯಿಂದ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ನಿಧಾನಕ್ಕೆ ಒಳಗೆ ಬಿಸಿ ಬಿಡುತ್ತದೆ. ಅದಕ್ಕೇ ಹೊರಗೆ ತಣ್ಣಗೆ ಗಾಳಿ ಬೀಸುತ್ತಿದ್ದರೂ ಒಳಗೆ ಫ್ಯಾನ್ ಬಿಸಿಗಾಳಿಯನ್ನೇ ತಿರುವುತ್ತಿರುತ್ತದೆ. ಹಳೇ ಹಂಚಿನ ಮನೆಗಳಲ್ಲಿ ಹಂಚಿಗೂ ಕೋಣೆಗೂ ನಡುವೆ ಅಟ್ಟ ಇತ್ತು, ಬಿಸಿ ಅಲ್ಲೇ ನಿಲ್ಲುತ್ತಿತ್ತು. ನಿಮಗೆ ಅಟ್ಟ ಇಲ್ಲ. ಓನರ್ ಒಪ್ಪಿದರೆ ತಾರಸಿಗೆ ಸುಣ್ಣ ಬಳಿಸಿ. ಬಿಳಿ ಬಣ್ಣಕ್ಕೆ ಬಿಸಿಲು ಅಷ್ಟು ಹತ್ತುವುದಿಲ್ಲ, ಮೊಳೆಯೂ ಬೇಡ. ಒಪ್ಪದಿದ್ದರೆ ಮಲಗುವ ಕೋಣೆಯ ಮೇಲಕ್ಕೆ ಬರುವಷ್ಟು ಜಾಗದಲ್ಲಿ ಅಡಿಕೆ ಸೋಗೆ ಹರಡಿ. ಮೊದಲ ದೊಡ್ಡ ಮಳೆಗೆ ಮುಂಚೆ ತೆಗೆದುಬಿಡಿ. ಇಲ್ಲದಿದ್ದರೆ ಕಸ ಹೋಗಿ ನೀರಿನ ಪೈಪು ಕಟ್ಟಿಕೊಳ್ಳುತ್ತದೆ, ಆಗ ಓನರ್ ಜೊತೆ ಬೇರೆಯೇ ಜಗಳ.

ಇನ್ನು ಕಿಟಕಿ. ಸೆಕೆ ಅಂತ ಮಧ್ಯಾಹ್ನ ಎಲ್ಲ ಕಿಟಕಿ ತೆಗೆದಿಡುವವರೇ ಜಾಸ್ತಿ. ಬಿಸಿಗಾಳಿಯನ್ನು ಕರೆದು ಮಣೆ ಹಾಕಿ ಕೂರಿಸಿದ ಹಾಗೆ ಅದು. ಬಿಸಿಲು ಏರುವ ಮುಂಚೆ ಮುಚ್ಚಿ, ಪಶ್ಚಿಮದ ಕಿಟಕಿಗೆ ದಪ್ಪ ಬಟ್ಟೆ ಎಳೆಯಿರಿ. ಸಂಜೆ ಹೊರಗೆ ತಂಪಾದ ಮೇಲೆ ಎದುರುಬದುರು ಕಿಟಕಿ ತೆಗೆಯಿರಿ. ಸೊಳ್ಳೆಗೆ ಜಾಲರಿ ಬೇಕೇ ಬೇಕು, ಅದು ಅಂಟಿಸುವ ಪಟ್ಟಿಯಲ್ಲೂ ಬರುತ್ತದೆ.

ಕಿಟಕಿಗೆ ಒದ್ದೆ ಪಂಚೆ ಕಟ್ಟುವುದು ಏಪ್ರಿಲ್‌ನ ಒಣಗಾಳಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಮೇ ತಿಂಗಳಲ್ಲಿ ಮೋಡ ಕವಿದು ಮೈಯೆಲ್ಲ ಅಂಟಂಟು ಆಗುವಾಗ ಕಟ್ಟಬೇಡಿ. ಗಾಳಿಯಲ್ಲೇ ನೀರಿನ ಪಸೆ ತುಂಬಿರುತ್ತದೆ, ಬಟ್ಟೆ ಒಣಗುವುದಿಲ್ಲ, ಮುಗ್ಗಲು ವಾಸನೆ ಅಷ್ಟೇ ಲಾಭ.

ಭದ್ರಾವತಿ ಶಿಫ್ಟ್:
ಹಂಚಿನಮನೆ ಸಾರ್, ನಮ್ಮ ಮಡಕೆ ನೀರು ತಂಪೇ ಆಗುವುದಿಲ್ಲ. ಹೊಸಾದು, ಮೇಲೆ ಹೂವಿನ ಚಿತ್ರ ಎಲ್ಲ ಇದೆ.

ಹಂಚಿನಮನೆ:
ಆ ಚಿತ್ರವೇ ತೊಂದರೆ. ಮಡಕೆಯ ಮೈಯಿಂದ ನೀರು ಸ್ವಲ್ಪ ಸ್ವಲ್ಪ ಒಸರಿ ಆವಿಯಾದರೆ ಮಾತ್ರ ಒಳಗಿನ ನೀರು ತಣ್ಣಗಾಗುವುದು. ಪೇಂಟ್ ಹೊಡೆದರೆ ಒಸರುವ ದಾರಿ ಮುಚ್ಚಿತು. ಸಾದಾ ಮಡಕೆ ತನ್ನಿ. ಒಂದು ದಿನ ನೀರಲ್ಲಿ ಮುಳುಗಿಸಿಟ್ಟು ಆಮೇಲೆ ತುಂಬಿಸಿ. ಗಾಳಿ ಆಡುವ ಕಡೆ ಒದ್ದೆ ಮರಳಿನ ಮೇಲೆ ಇಡಿ. ಸೋಪು ಹಾಕಿ ತೊಳೆಯಬೇಡಿ, ಸೋಪಿನ ವಾಸನೆ ಮಣ್ಣಲ್ಲೇ ಉಳಿಯುತ್ತದೆ. ಫ್ರಿಜ್ ಪಕ್ಕದ ಮೂಲೆಯಲ್ಲಿ ಇಟ್ಟು ತಂಪಾಗಲಿಲ್ಲ ಅನ್ನುವವರೂ ಇದ್ದಾರೆ.

ಭದ್ರಾವತಿ ಶಿಫ್ಟ್:
ಫ್ರಿಜ್ ಪಕ್ಕದಲ್ಲೇ ಇಟ್ಟಿದ್ದೆ ಸಾರ್.

ಮುರುಗಲು ಶರಬತ್ತು (ಸಾಗರ):
ಮಡಕೆಯೊಳಗೆ ಲಾವಂಚದ ಬೇರು ಹಾಕಿ, ಒಂದು ಹಿಡಿ, ತೊಳೆದು ಬಟ್ಟೆಯಲ್ಲಿ ಕಟ್ಟಿ. ನೀರಿಗೆ ಬರುವ ಪರಿಮಳವೇ ಅರ್ಧ ತಂಪು.

ನನ್ನ ಹೆಸರಿಗೆ ತಕ್ಕ ಹಾಗೆ ಮುರುಗಲಿನ (ಕೋಕಂ) ಬಗ್ಗೆಯೂ ಹೇಳಬೇಕಲ್ಲ. ಈಗಲೇ ಅದರ ಕಾಲ, ಏಪ್ರಿಲ್, ಮೇ. ಹಣ್ಣು ಒಡೆದು ಬೀಜ ತೆಗೆದು ಸಿಪ್ಪೆಗೆ ಸಕ್ಕರೆ ತುಂಬಿ ಗಾಜಿನ ಜಾಡಿಯಲ್ಲಿ ಇಡಿ. ಕೆಲವೇ ದಿನದಲ್ಲಿ ಸಕ್ಕರೆ ಕರಗಿ ಕಡುಕೆಂಪು ರಸ ಬಿಡುತ್ತದೆ. ಆಫೀಸಿಂದ ಬಂದಾಗ ಎರಡು ಚಮಚ ರಸ, ಒಂದು ಲೋಟ ಮಡಕೆ ನೀರು, ಚಿಟಿಕೆ ಉಪ್ಪು, ಜೀರಿಗೆ ಪುಡಿ. ಒಲೆ ಹಚ್ಚುವ ಕೆಲಸವೇ ಇಲ್ಲ. ಉಳಿದ ಸಿಪ್ಪೆ ಒಣಗಿಸಿಟ್ಟರೆ ಮಳೆಗಾಲದ ಸಾರಿಗೆ ಆಯಿತು. ಮಕ್ಕಳ ಬಿಳಿ ಅಂಗಿ ಮಾತ್ರ ಹುಷಾರು, ಕಲೆ ಹೋಗುವುದಿಲ್ಲ.

ಅಡಿಕೆಗೊನೆ:
ಇದೆಲ್ಲಕ್ಕಿಂತ ಎಳ್ಳುನೀರು ಮೇಲು. ಎಳ್ಳು ನೆನೆಸಿ ರುಬ್ಬಿ ಬೆಲ್ಲ ಏಲಕ್ಕಿ ಹಾಕಿದರೆ ಹೊಟ್ಟೆಯೂ ತುಂಬುತ್ತದೆ.

ಸಾಗರದ ಸೊಸೆ:
ರುಬ್ಬುವುದು, ಸೋಸುವುದು, ಮಿಕ್ಸಿ ತೊಳೆಯುವುದು. ಮತ್ತೆ ಅಲ್ಲಿಗೇ ಬಂದಿರಿ ಅಣ್ಣಾ. ಜಾಸ್ತಿ ಕೆಲಸ ಬೇಡ ಅಂತ ಅವರು ಮೊದಲೇ ಹೇಳಿದ್ದಾರೆ.

ಅಡುಗೆಯಲ್ಲಿ ನನ್ನ ಉಪಾಯ ತಂಬುಳಿ. ಒಂದೆಲಗವೋ ದೊಡ್ಡಪತ್ರೆಯೋ, ಕುಂಡದಲ್ಲೇ ಬೆಳೆಯುತ್ತದೆ. ಒಂದು ಹಿಡಿ ಎಲೆ, ಜೀರಿಗೆ, ನಾಲ್ಕು ಕಾಳು ಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಮುಗಿಯಿತು, ಕುದಿಸಬೇಕಾಗಿಲ್ಲ.

ಅಡಿಕೆಗೊನೆ:
ನಿಮ್ಮ ಮಿಕ್ಸಿ ತೊಳೆಯಬೇಕಾಗಿಲ್ಲವಾ ಅಕ್ಕಾ?

ಸಾಗರದ ಸೊಸೆ:
ಮನೆಯವರು ತೊಳೆಯುತ್ತಾರೆ.

ಮಂಡಗದ್ದೆ ಹಕ್ಕಿ:
ಮನೆಯೊಳಗೇ ಯಾಕೆ ಬೇಯುತ್ತೀರಿ? ಭಾನುವಾರ ಬುತ್ತಿ ಕಟ್ಟಿಕೊಂಡು ತೀರ್ಥಹಳ್ಳಿ ರಸ್ತೆಯಲ್ಲಿ ಹೊರಡಿ. ಎಲ್ಲಾದರೂ ಕಾಡಂಚಲ್ಲಿ ಮರದ ಕೆಳಗೆ ಚಾಪೆ ಹಾಸಿ. ಮಕ್ಕಳು ಆಡಿಕೊಂಡಿರುತ್ತಾರೆ, ನೀವು ಓದಿಕೊಂಡಿರಿ.

ಸೊರಬದವ:
ದಯವಿಟ್ಟು ಈ ಸಲಹೆ ಹಾಗೇ ಒಪ್ಪಿಕೊಳ್ಳಬೇಡಿ. ಮಂಗನ ಕಾಯಿಲೆ ಮೊದಲು ಗುರುತಿಗೆ ಬಂದಿದ್ದು ನಮ್ಮ ತಾಲೂಕಿನ ಕ್ಯಾಸನೂರು ಕಾಡಲ್ಲಿ, 1957ರಲ್ಲಿ. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತನಕ ಅದರ ಕಾಟ. ಅಂದರೆ ಬೇಸಿಗೆ ರಜೆ ಅದರೊಳಗೇ ಬರುತ್ತದೆ. ಅದನ್ನು ಹರಡುವ ಉಣುಗಿನ ಮರಿಗಳು ಸಣ್ಣ ಚುಕ್ಕಿಯಷ್ಟು ಇರುತ್ತವೆ. ದರಗೆಲೆ ಮೇಲೆ ಚಾಪೆ ಹಾಸಿ ಕೂರುವುದು ಅಂದರೆ ಅವಕ್ಕೆ ಮೈ ಕೊಟ್ಟಂತೆಯೇ. ಕಾಡಿಗೆ ಹೋಗಲೇಬೇಕಾದವರು ತುಂಬುತೋಳಿನ ಬಟ್ಟೆ ಹಾಕುತ್ತಾರೆ, ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಹಚ್ಚುತ್ತಾರೆ. ಮನೆಗೆ ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಹೆದರಿಸುತ್ತಿಲ್ಲ. ಓದುವುದಕ್ಕೆ ಕಾಡೇ ಆಗಬೇಕಾ?

ಮಂಡಗದ್ದೆ ಹಕ್ಕಿ:
ನಾನು ಹೇಳಿದ್ದು ರಸ್ತೆ ಪಕ್ಕದ ಜಾಗ.

ಸೊರಬದವ:
ಮಂಗಕ್ಕೆ ರಸ್ತೆ ಯಾವುದು ಕಾಡು ಯಾವುದು ಅಂತ ಬೋರ್ಡ್ ಹಾಕಿದ್ದಾರಾ?

ಲಾಂಚ್ ಪ್ರಯಾಣಿಕ (ತುಮರಿ):
ಓದುವುದಕ್ಕೆ ಒಳ್ಳೇ ಜಾಗ ಅಂದರೆ ನಮ್ಮ ಶರಾವತಿ ಹಿನ್ನೀರು ದಾಟಿಸುವ ಲಾಂಚ್ ಆಗಿತ್ತು. ಕಾಯುವುದೇ ಕೆಲಸ, ಕೈಯಲ್ಲಿ ಪುಸ್ತಕ ಇರಲೇಬೇಕಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತು. ಈಗ ಆ ಓದಿಗೂ ಕಲ್ಲು ಬಿತ್ತು.

ಮುರುಗಲು ಶರಬತ್ತು:
ಬಸುರಿ ಹೆಂಗಸನ್ನು ರಾತ್ರಿ ಹೊತ್ತು ಆಸ್ಪತ್ರೆಗೆ ಸಾಗಿಸಬೇಕಾದ ಮನೆಯವರನ್ನು ಕೇಳಿ, ಲಾಂಚ್ ಬೇಕಾ ಸೇತುವೆ ಬೇಕಾ ಅಂತ.

ಲಾಂಚ್ ಪ್ರಯಾಣಿಕ:
ತಮಾಷೆಗೆ ಅಂದೆ ಮಾರಾಯ್ರೆ. ಸೇತುವೆಗೆ ಕಾದವರಲ್ಲಿ ನಮ್ಮ ಮನೆಯವರೂ ಇದ್ದರು. ಹಿನ್ನೀರಿನ ಮಾತು ಬಂತಲ್ಲ, ನಮ್ಮ ಕಡೆಯ ಪುಸ್ತಕ ಒಂದು ಹೇಳುತ್ತೇನೆ. ನಾ. ಡಿಸೋಜರ 'ದ್ವೀಪ'. ಶರಾವತಿಗೆ ಅಣೆಕಟ್ಟು ಕಟ್ಟಿ ಊರು ಮುಳುಗುವಾಗಿನ ಕತೆ. ಸಣ್ಣ ಪುಸ್ತಕ. 2002ರಲ್ಲಿ ಸಿನಿಮಾ ಆಯಿತು, ಆದರೆ ಮೊದಲು ಪುಸ್ತಕ ಓದಿ. ದೊಡ್ಡವಳು ಆರನೇ ಕ್ಲಾಸ್ ಅಂದಿರಲ್ಲ, ಅವಳಿಗೆ ಅವರದೇ 'ಮುಳುಗಡೆಯ ಊರಿಗೆ ಬಂದವರು' ಕೊಡಿ. ತಾಯಿಗೆ ಒಂದು, ಮಗಳಿಗೆ ಒಂದು. ಇಬ್ಬರೂ ಓದಿದ ಮೇಲೆ ಹೊಳೆಬಾಗಿಲ ಕಡೆ ಕರೆದುಕೊಂಡು ಬನ್ನಿ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಾಣುತ್ತದೆ. 1964ರಲ್ಲಿ ಲಿಂಗನಮಕ್ಕಿ ಆದ ಮೇಲೆ ಮುಳುಗಿದ್ದು ಅದು. ಅಣೆಕಟ್ಟನ್ನೇ ಇನ್ನೊಂದು ಅಣೆಕಟ್ಟು ಮುಳುಗಿಸಿದೆ ಅಂದರೆ ಮಕ್ಕಳು ನಂಬುವುದಿಲ್ಲ, ಕಣ್ಣಲ್ಲಿ ನೋಡಬೇಕು.

ತುಂಗಾದಂಡೆ:
ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. 'ದ್ವೀಪ' ಬರೆದುಕೊಂಡೆ, 'ಪರಿಸರದ ಕತೆ' ತಂಗಿ ಮನೆಯಲ್ಲಿದೆ. ಮಡಕೆ ನಾಳೆಯೇ ತರುತ್ತೇನೆ.

ಆದರೆ ನಿಜವಾದ ತೊಡಕು ಬೇರೆ ಇದೆ. ನಿನ್ನೆ ರಾತ್ರಿ ಮಕ್ಕಳು ಮಲಗಿದ ಮೇಲೆ ಪುಸ್ತಕ ಹಿಡಿದು ಕೂತೆ. ಎರಡು ಪುಟ ಆಗಿಲ್ಲ, ಸಿಂಕಲ್ಲಿ ಪಾತ್ರೆ ನೆನಪಾಯಿತು. ಎದ್ದು ಹೋದೆ. ಯಾರೂ ತೊಳಿ ಅನ್ನಲಿಲ್ಲ, ನಾನೇ ಹೋದೆ. ಇದಕ್ಕೇನು ಮಾಡುತ್ತೀರಿ?

ನಿದ್ದೆಗೆಟ್ಟವಳು:
ಅಯ್ಯೋ, ಇದು ನನ್ನದೇ ಕತೆ.

ಕೊಪ್ಪದ ಮೇಷ್ಟ್ರು:
ಮಕ್ಕಳ ಜೊತೆಗೇ ಓದಿ ಮೇಡಂ. 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಗಟ್ಟಿಯಾಗಿ ಓದಿದರೆ ಎರಡನೇ ಕ್ಲಾಸಿನವನು ಕುಣಿಯುತ್ತಾನೆ. ನಿಮ್ಮ ಓದೂ ಆಯಿತು.

ಸಾಗರದ ಸೊಸೆ:
ಆಗಲಿಲ್ಲ ಮೇಷ್ಟ್ರೇ. ಅದು ಮಗನ ಓದು. ಚೆನ್ನಾಗಿಯೇ ಇರುತ್ತದೆ, ನಾನೂ ಓದಿ ಹೇಳಿದ್ದೇನೆ. ಅವರು ಕೇಳಿದ್ದು ತಮ್ಮ ಓದು.

ತುಂಗಾದಂಡೆ ಅಕ್ಕಾ, ನಿಮ್ಮ ಮನೆಯವರು ಅರ್ಧ ವಾರ ಊರಲ್ಲಿ ಇರುವುದಿಲ್ಲ ಅಂದಿರಿ. ಉಳಿದ ಅರ್ಧ ಇರುತ್ತಾರೆ ಅಲ್ವಾ? ಆ ದಿನಗಳಲ್ಲಿ ಸಂಜೆ ಮಕ್ಕಳೂ ಪಾತ್ರೆಯೂ ಅವರ ಪಾಲಿಗೆ. ಅವರು ಸಿಂಕಿನ ಹತ್ತಿರ, ನೀವು ತಾರಸಿಯಲ್ಲಿ. ಕೇಳಿದರೆ ಕೊಡುವುದಿಲ್ಲ ಅಂತಲ್ಲ, ನಾವು ಕೇಳುವುದೇ ಇಲ್ಲ. ಮನೆ ತಂಪಾಗುವುದಕ್ಕೆ ಸುಣ್ಣ, ಸೋಗೆ, ಲಾವಂಚ ಎಲ್ಲ ಹೇಳಿದರು, ಇದನ್ನು ಯಾರೂ ಹೇಳಲಿಲ್ಲ ನೋಡಿ.

ಭದ್ರಾವತಿ ಶಿಫ್ಟ್:
ಗಂಡಸರ ಕಡೆಯಿಂದ ಒಂದು ಮಾತು. ನಂದು ಶಿಫ್ಟ್ ಕೆಲಸ, ಹೆಂಡತಿ ನರ್ಸ್. ಒಂದು ವಾರ ನಾನು ಮನೆ, ಒಂದು ವಾರ ಅವಳು. ಅಡುಗೆ ಮಾಡುವಾಗ ಭದ್ರಾವತಿ ಆಕಾಶವಾಣಿ ಹಾಕಿಕೊಳ್ಳುತ್ತೇನೆ, ಮಕ್ಕಳಿಗೆ ಮೊಬೈಲ್ ನೆನಪಾಗುವುದಿಲ್ಲ. ನೀವು ಹೇಳಿದ್ದು ಕಷ್ಟವೇನಲ್ಲ, ಆದರೆ ಮೊದಲೇ ದಿನ ಇಂಥದ್ದು ಅಂತ ಗೊತ್ತುಮಾಡಿ ಹೇಳಬೇಕು. 'ನೀವು ಏನೂ ಮಾಡಲ್ಲ' ಅಂತ ರಾತ್ರಿ ಹತ್ತಕ್ಕೆ ಶುರು ಮಾಡಿದರೆ ಅದು ಜಗಳ, ಪಾತ್ರೆ ಅಲ್ಲೇ ಇರುತ್ತದೆ.

ಅಡಿಕೆಗೊನೆ:
ಈ ಮಾತು ನಮ್ಮ ಮನೆಯಲ್ಲಿ ಯಾರಿಗೂ ತೋರಿಸಬೇಡಿ.

ಹಳ್ಳಿ ಲೈಬ್ರರಿ (ಹೊಸನಗರ ತಾಲೂಕು):
ಪುಸ್ತಕ ಕೊಂಡುಕೊಳ್ಳುವ ಮುಂಚೆ ಹತ್ತಿರದ ಲೈಬ್ರರಿ ನೋಡಿ. ಹಳ್ಳಿಯಲ್ಲಿ ಇರುವವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ, ಅರಿವು ಕೇಂದ್ರ ಅಂತ ಈಗ ಹೆಸರು. ಮಕ್ಕಳಿಗೆ ಸದಸ್ಯತ್ವ ಉಚಿತ. ಮಕ್ಕಳನ್ನು ಅಲ್ಲಿ ಕೂರಿಸಿ ನೀವೂ ಪಕ್ಕದ ಬೆಂಚಲ್ಲಿ ಕೂತರೆ ಸಿಂಕ್ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ವಿಷಯ. ಎಂ.ಕೆ. ಇಂದಿರಾ ತೀರ್ಥಹಳ್ಳಿಯವರು, ಹುಟ್ಟಿದ್ದು 1917ರಲ್ಲಿ. ಮೊದಲ ಕಾದಂಬರಿ 'ತುಂಗಭದ್ರ' ಬಂದಿದ್ದು 1963ರಲ್ಲಿ. ವಯಸ್ಸು ನೀವೇ ಲೆಕ್ಕ ಹಾಕಿ. ಅವರ 'ಫಣಿಯಮ್ಮ' ಓದಿಲ್ಲದಿದ್ದರೆ ಅದರಿಂದಲೇ ಶುರು ಮಾಡಿ. ಗಾತ್ರ ಸಣ್ಣದು, ಮಾತು ನಮ್ಮ ಕಡೆಯದೇ.

ಬಿಸಿಲುಕುದುರೆ:
ಫಣಿಯಮ್ಮ ಓದಿ ಹಾಯಾಗಿ ಇರುವುದಾ? ಬಾಲವಿಧವೆಯ ಕತೆ ಅದು. ಅತ್ತು ಅತ್ತು ಸೆಕೆ ಇನ್ನೂ ಜಾಸ್ತಿ ಆಗುತ್ತದೆ.

ಹಳ್ಳಿ ಲೈಬ್ರರಿ:
ಬರೀ ಅಳುವ ಹೆಂಗಸಲ್ಲ ಫಣಿಯಮ್ಮ. ಓದಿದ್ದೀರಾ, ಸಿನಿಮಾ ನೋಡಿದ್ದೀರಾ?

ಬಿಸಿಲುಕುದುರೆ:
ಸಿನಿಮಾ. ಅದೂ ಅರ್ಧ. ಕರೆಂಟ್ ಹೋಯಿತು.

ನಿದ್ದೆಗೆಟ್ಟವಳು:
ಕರೆಂಟ್ ಅಂದಾಗ ನೆನಪಾಯಿತು. ಸಂಜೆ ಗುಡುಗು ಶುರುವಾದರೆ ಮೊದಲು ಹೋಗುವುದು ಅದೇ. ಪುಸ್ತಕಕ್ಕೆ ಸಿಕ್ಕಿಸುವ ಚಾರ್ಜ್ ಲೈಟ್ ಒಂದು ಇಟ್ಟುಕೊಳ್ಳಿ. ಮಕ್ಕಳ ಪಕ್ಕ ಮಲಗಿಕೊಂಡೂ ಓದಬಹುದು, ಅವರ ಕಣ್ಣಿಗೆ ಬೆಳಕು ಹೊಡೆಯುವುದಿಲ್ಲ. ಮನೆಯಲ್ಲಿ ಹಾಕುವ ಬಟ್ಟೆಯೂ ಹತ್ತಿಯದೇ ಇರಲಿ. ಹೆಗ್ಗೋಡಿನ 'ಚರಕ' ಸಂಸ್ಥೆಯ ಕೈಮಗ್ಗದ ಬಟ್ಟೆ ನಾನು ಹಾಕುತ್ತೇನೆ, ಒಗೆದಷ್ಟೂ ಮೆತ್ತಗಾಗುತ್ತದೆ.

ತುಂಗಾದಂಡೆ:
ಮನೆಯವರಿಗೆ ಈ ಚರ್ಚೆ ಹಾಗೇ ಕಳಿಸಿದೆ. 'ಬುಧವಾರ, ಶನಿವಾರ ಸಂಜೆ ನಂದು' ಅಂತ ಉತ್ತರ ಬಂತು. ಜೊತೆಗೆ 'ಈ ಸಾಗರದ ಸೊಸೆ ಯಾರು' ಅಂತಲೂ ಕೇಳಿದ್ದಾರೆ. ಸುಣ್ಣದ ಬಗ್ಗೆ ಓನರ್ ಯೋಚನೆ ಮಾಡುತ್ತೇನೆ ಅಂದಿದ್ದಾರೆ. ಅಂದರೆ ಆಗುವುದಿಲ್ಲ ಅಂತ. ಸೋಗೆ ಯಾರಾದರೂ ಕೊಡುತ್ತೀರಾ?

ಅಡಿಕೆಗೊನೆ:
ನಮ್ಮ ತೋಟದಲ್ಲಿ ಬೇಕಾದಷ್ಟು ಬಿದ್ದಿದೆ. ಶಿವಮೊಗ್ಗ ಕಡೆ ಖಾಲಿ ಹೋಗುವ ಪಿಕಪ್ ಗಾಡಿ ಯಾವುದಾದರೂ ಇದ್ದರೆ ಹಾಕಿ ಕಳಿಸುತ್ತೇನೆ. ಬಾಡಿಗೆ ಮಾತ್ರ ನೀವು ನೋಡಿಕೊಳ್ಳಿ. ಸಾಗರದ ಸೊಸೆ ಅಕ್ಕ, ನಿಮ್ಮ ಕಡೆ ಅಪ್ಪೆಮಿಡಿ ಇನ್ನೂ ಸಿಗುತ್ತದಾ?

ಸಾಗರದ ಸೊಸೆ:
ಈಗ ಕೇಳುತ್ತೀರಾ! ಒಳಗೆ ಓಟೆ ಬಲಿತಿರುತ್ತದೆ. ಎಳೆಯದಿರುವಾಗಲೇ, ತೊಟ್ಟು ಮುರಿಯದ ಹಾಗೆ ಕೈಯಲ್ಲಿ ಕೊಯ್ದಿದ್ದಾದರೆ ಮಾತ್ರ ಉಪ್ಪಿನಕಾಯಿ ಉಳಿಯುವುದು. ಉದುರಿಸಿದ್ದು ಹಾಕಿದರೆ ಭರಣಿಯೆಲ್ಲ ಕೊಳೆಯುತ್ತದೆ.

ಮುರುಗಲು ಶರಬತ್ತು:
ಘಟ್ಟದ ಅಂಚಿನ ಕಡೆ ಕೆಲವು ಮರದಲ್ಲಿ ತಡವಾಗಿ ಬಿಡುತ್ತದೆ, ಕೇಳಿ ನೋಡುತ್ತೇನೆ. ಜೀರಿಗೆ ಪರಿಮಳದ್ದೇ ಆಗಬೇಕಾ?

ಅಡಿಕೆಗೊನೆ:
ಹೌದು, ಜೀರಿಗೆ ಮಿಡಿಯೇ. ರೇಟು ಹೇಳಿ.

ಕೊಪ್ಪದ ಮೇಷ್ಟ್ರು:
ಮಿಡಿಗೆ ಬೇರೆ ಚರ್ಚೆ ಶುರು ಮಾಡಿ. ನನಗೂ ಬೇಕು.